ಮುಳ್ಳುತಂತಿಯೊಳಗೇ ಶುರುವಾದ ಸಂಶೋಧನೆ

ನಾಜಿಗಳ ಹಿಡಿತದಿಂದ ಫ್ರಾನ್ಸನ್ನು ಬಿಡಿಸಲು ಹೋರಾಡಿದವರಿಗೆ ಲಂಡನ್‌ನಿಂದ ಹೋರಾಟ ನಡೆಸುತ್ತಿದ್ದ ಫ್ರೆಂಚ್ ನಾಯಕ ಜನರಲ್ ಡಿಗಾಲ್ 1940ರಲ್ಲಿ ಒಂದು ಪದಕ ಶುರುಮಾಡಿದರು. ಒಟ್ಟು 1,038 ಜನರಿಗೆ ಅದು ಸಿಕ್ಕಿತು. ಅವರಲ್ಲಿ ಹೆಂಗಸರು 6. ಆ ಆರರಲ್ಲೂ ನಾಲ್ವರಿಗೆ ಪದಕ ಬಂದದ್ದು ಸತ್ತ ಮೇಲೆ.

ಹಾಗಾದರೆ ಉಳಿದ ಹೆಂಗಸರೆಲ್ಲ ಸುಮ್ನೆ ಮನೆಯಲ್ಲಿ ಕೂತಿದ್ದರಾ? ಇಲ್ಲ. ತಲೆಮರೆಸಿಕೊಂಡವರಿಗೆ ಜಾಗ ಕೊಟ್ಟು ಅನ್ನ ಹಾಕಿದವರಲ್ಲಿ, ಸುಳ್ಳು ಗುರುತಿನ ಚೀಟಿ ಸಾಗಿಸಿದವರಲ್ಲಿ, ಗುಪ್ತ ಪತ್ರಿಕೆ ಟೈಪ್ ಮಾಡಿ ಹಂಚಿದವರಲ್ಲಿ ಅವರು ಬೇಕಾದಷ್ಟಿದ್ದರು. ಸಿಕ್ಕಿಬಿದ್ದರೆ ಅವರೂ ಯಾತನಾ ಶಿಬಿರಕ್ಕೇ ಹೋಗುತ್ತಿದ್ದರು. ಆದರೆ ಪ್ರತಿರೋಧ ಅಂದರೆ ಬಂದೂಕು, ಬಾಂಬು, ಸಮವಸ್ತ್ರ ಅಂತ ಮೊದಲೇ ತೀರ್ಮಾನಿಸಿಬಿಟ್ಟರೆ ಇವರು ಯಾವ ಪಟ್ಟಿಗೂ ಬರುವುದಿಲ್ಲ ಅಲ್ವಾ?

ನಾಜಿ ಹಿಂಸೆಯಲ್ಲಿ ಹೆಂಗಸರ ಅನುಭವವನ್ನು ಬೇರೆಯಾಗಿ ನೋಡಬೇಕು ಅನ್ನುವ ವಿಚಾರ 1980ರ ದಶಕದಲ್ಲಿ ಅಮೆರಿಕದ ಸ್ತ್ರೀವಾದಿಗಳಿಂದ ಬಂತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅರ್ಧ ಸರಿ. ಆ ಪ್ರಶ್ನೆ ಅದಕ್ಕೂ ನಲವತ್ತು ವರ್ಷ ಮುಂಚೆ ಹುಟ್ಟಿತ್ತು. ಹುಟ್ಟಿದ್ದು ಯೂನಿವರ್ಸಿಟಿಯಲ್ಲಲ್ಲ, ಸಾವಿನ ಬಾಗಿಲಲ್ಲಿ.

ಪೋಲೆಂಡಿನ ರಾಜಧಾನಿ ವಾರ್ಸಾದ ಯಹೂದಿಗಳನ್ನು ನಾಜಿಗಳು 1940ರ ನವೆಂಬರ್‌ನಲ್ಲಿ ಗೋಡೆ ಕಟ್ಟಿ ಒಳಗೆ ಕೂಡಿಹಾಕಿದರು. ಆ ಘೆಟ್ಟೋದಲ್ಲಿ ಎಮಾನುಯೆಲ್ ರಿಂಗಲ್‌ಬ್ಲುಮ್ ಎಂಬ ಇತಿಹಾಸಕಾರ ಗುಟ್ಟಾಗಿ ಒಂದು ತಂಡ ಕಟ್ಟಿದ್ದರು. ನಮ್ಮ ಕಥೆ ಕೊಂದವರ ಕಾಗದದಿಂದ ಮಾತ್ರ ಗೊತ್ತಾಗಬಾರದು ಅನ್ನುವುದು ಅವರ ಹಟ. ತಂಡದಲ್ಲಿದ್ದ ಸೆಸಿಲಿಯಾ ಸ್ವಪಾಕೋವಾ ಅವರಿಗೆ ಸಿಕ್ಕ ಕೆಲಸ ಹೆಂಗಸರ ಸಂದರ್ಶನ. 1941ರ ಕೊನೆಯಿಂದ ಕೆಲವು ತಿಂಗಳು, ಹದಿನಾರು ಹದಿನೇಳು ಹೆಂಗಸರ ಜೊತೆ ಕೂತು ಮಾತಾಡಿದರು. ಯುದ್ಧಕ್ಕೆ ಮುಂಚೆ ಹೇಗಿದ್ದರು, ಗಂಡಸಿನ ದುಡಿಮೆ ನಿಂತ ಮೇಲೆ ಮನೆ ಹೇಗೆ ನಡೆಯುತ್ತಿದೆ, ಹೊಟ್ಟೆಪಾಡಿಗೆ ಏನು ದಾರಿ ಹುಡುಕಿದರು. 1942ರ ಬೇಸಿಗೆಯಲ್ಲಿ ಘೆಟ್ಟೋ ಖಾಲಿ ಮಾಡಿಸುವ ರೈಲುಗಳು ಶುರುವಾದವು. ಸ್ವಪಾಕೋವಾ ಅವರನ್ನು ಟ್ರೆಬ್ಲಿಂಕಾ ಎಂಬ ಕೊಲ್ಲುವ ಕ್ಯಾಂಪಿನಲ್ಲಿ ಕೊಂದರು. ತಂಡದ ಕಾಗದಗಳನ್ನು ತಗಡಿನ ಪೆಟ್ಟಿಗೆ ಮತ್ತು ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಡಿ ಹೂತಿದ್ದರು. ಒಂದಷ್ಟು 1946ರಲ್ಲಿ ಸಿಕ್ಕಿತು, ಇನ್ನಷ್ಟು 1950ರಲ್ಲಿ. ರಿಂಗಲ್‌ಬ್ಲುಮ್ ಅವರನ್ನೂ 1944ರಲ್ಲೇ ಕೊಂದಿದ್ದರು.

ಇನ್ನೊಂದು ಕಡೆ ಇದೇ ಕೆಲಸ ಮಾಡಿದ ಒಬ್ಬರು ಬದುಕಿ ಹೊರಬಂದರು. ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಜರ್ಮೇನ್ ಟಿಯೋನ್ ಫ್ರಾನ್ಸ್‌ನ ಮಾನವಶಾಸ್ತ್ರಜ್ಞೆ. ಹುಟ್ಟಿದ್ದು 1907ರಲ್ಲಿ. 1934ರಿಂದ 1940ರ ನಡುವೆ ನಾಲ್ಕು ಸಲ ಅಲ್ಜೀರಿಯಾದ ಔರೆಸ್ ಬೆಟ್ಟಗಳಿಗೆ ಹೋಗಿ, ಶಾವಿಯಾ ಜನರ ನಡುವೆ ಇದ್ದು, ಅವರ ಬದುಕನ್ನು ಬರೆದುಕೊಂಡವರು. ಪ್ಯಾರಿಸ್‌ಗೆ ವಾಪಸ್ ಬಂದ ಕೆಲವೇ ದಿನಕ್ಕೆ ಊರು ಜರ್ಮನ್ನರ ಪಾಲಾಯಿತು. ತಪ್ಪಿಸಿಕೊಂಡ ಸೈನಿಕರಿಗೆ ನೆರವು, ಲಂಡನ್‌ಗೆ ಸುದ್ದಿ ರವಾನೆ, ಹೀಗೆ ಕೆಲಸ ಬೆಳೆಯಿತು. ನಂಬಿದ ಪಾದ್ರಿಯೊಬ್ಬ ಹಿಡಿದುಕೊಟ್ಟ. 1942ರ ಆಗಸ್ಟ್ 13ರಂದು ಬಂಧನ, ಮಾರನೇ ವರ್ಷ ಅಕ್ಟೋಬರ್‌ನಲ್ಲಿ ರಾವೆನ್ಸ್‌ಬ್ರೂಕ್. ಹೋಗುವಾಗ ಥೀಸಿಸ್ಸಿನ ಕಾಗದಗಳೂ ಜೊತೆಗಿದ್ದವು. ಅವು ಅಲ್ಲೇ ಕಳೆದುಹೋದವು.

ರಾವೆನ್ಸ್‌ಬ್ರೂಕ್ ಅಂದರೆ ಬರ್ಲಿನ್‌ನ ಉತ್ತರಕ್ಕೆ, ಕೆರೆಯ ದಂಡೆಯಲ್ಲಿ, 1939ರ ಮೇ ತಿಂಗಳಲ್ಲಿ ಹೆಂಗಸರಿಗೆಂದೇ ತೆರೆದ ಕ್ಯಾಂಪು. ಸುಮಾರು 1,20,000 ಹೆಂಗಸರು ಮತ್ತು ಮಕ್ಕಳ ಹೆಸರು ಅಲ್ಲಿ ದಾಖಲಾಯಿತು. ರಾಜಕೀಯ ಕೈದಿಗಳು, ಯಹೂದಿಗಳು, ರೋಮಾ (ಜಿಪ್ಸಿ) ಜನ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು, 'ಸಮಾಜಕ್ಕೆ ಬೇಡದವರು' ಅಂತ ಹಣೆಪಟ್ಟಿ ಕಟ್ಟಿಸಿಕೊಂಡವರು. ಹತ್ತಾರು ಸಾವಿರ ಜನ ಅಲ್ಲೇ ಸತ್ತರು. ಪಕ್ಕದಲ್ಲೇ ಸೀಮೆನ್ಸ್ ಕಂಪನಿಯ ಕಾರ್ಖಾನೆ ಇತ್ತು, ಕೆಲಸದವರು ಕ್ಯಾಂಪಿನ ಕೈದಿಗಳು.

ಟಿಯೋನ್ ಅಲ್ಲಿಯೂ ತಮ್ಮ ವೃತ್ತಿ ಬಿಡಲಿಲ್ಲ. ಯಾರು ಯಾವ ದೇಶದವರು, ಯಾವ ಗುಂಪು ಎಷ್ಟು ದಿನ ಬದುಕುತ್ತದೆ, ಕಚೇರಿಯಲ್ಲಿ ಕೆಲಸ ಮಾಡುವ ಕೈದಿಗಳಿಗೆ ಏನು ಗೊತ್ತು, ಎಲ್ಲ ಕೇಳಿ ಜೋಡಿಸುತ್ತಾ ಹೋದರು. 1944ರ ಮಾರ್ಚ್‌ನಲ್ಲಿ ಹೊಸದಾಗಿ ಬಂದು ಕ್ವಾರಂಟೈನ್‌ನಲ್ಲಿದ್ದ ಫ್ರೆಂಚ್ ಹೆಂಗಸರಿಗೆ ಗುಟ್ಟಾಗಿ ಒಂದು ಪಾಠ ಮಾಡಿದರು. ಇದು ಬರೀ ಕ್ರೌರ್ಯ ಅಲ್ಲ, ಇದೊಂದು ವ್ಯಾಪಾರ. ನಮ್ಮನ್ನು ದಿನದ ಲೆಕ್ಕದಲ್ಲಿ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಾರೆ, ದುಡ್ಡು ಕ್ಯಾಂಪು ನಡೆಸುವ ನಾಜಿ ಪಡೆಯಾದ ಎಸ್‌ಎಸ್‌ಗೆ ಹೋಗುತ್ತದೆ, ಸವೆದವರನ್ನು ಕೊಲ್ಲುತ್ತಾರೆ. ಸಾರಾಂಶ ಇದು. ಕೇಳಿದವರ ಹೊಟ್ಟೆ ತುಂಬಲಿಲ್ಲ ನಿಜ. ಆದರೆ ತಮ್ಮನ್ನು ಅರೆಯುವ ಯಂತ್ರ ಹೇಗೆ ಓಡುತ್ತದೆ ಅಂತ ಗೊತ್ತಾದರೆ ಮನಸ್ಸಿಗೆ ಒಂದು ಹಿಡಿತ ಸಿಗುತ್ತದೆ ಅಂತ ಟಿಯೋನ್ ನಂಬಿದ್ದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರನ್ನು ಲೂಟಿ ಮಾಲು ಇಳಿಸುವ ಕೆಲಸಕ್ಕೆ ಹಾಕಿದರು. ಜೊತೆಯವರು ಅವರನ್ನು ಒಂದು ದೊಡ್ಡ ಪ್ಯಾಕಿಂಗ್ ಪೆಟ್ಟಿಗೆಯೊಳಗೆ ಬಚ್ಚಿಟ್ಟರು. ಒಳಗೆ ಕೂತು ಅವರು ಬರೆದದ್ದು ಏನು ಅಂದುಕೊಂಡಿರಿ? ಒಂದು ಹಾಸ್ಯ ಸಂಗೀತ ನಾಟಕ! ಅದರಲ್ಲೊಬ್ಬ ಪ್ರಾಣಿಶಾಸ್ತ್ರಜ್ಞ ಬರುತ್ತಾನೆ. ಹೊಸದೊಂದು ಜೀವಿ ಪತ್ತೆಯಾಗಿದೆ ಅಂತ ಗಂಭೀರವಾಗಿ ಭಾಷಣ ಮಾಡುತ್ತಾನೆ. ಆ ಜೀವಿ ಅಂದರೆ ಯಾವ ಕೆಲಸದ ಗುಂಪಿಗೂ ಸೇರದೆ ತಪ್ಪಿಸಿಕೊಂಡು ಓಡಾಡುವ ಕೈದಿ ಹೆಂಗಸು. ಎಲ್ಲರಿಗೂ ಗೊತ್ತಿದ್ದ ಹಾಡುಗಳ ಧಾಟಿಗೆ ಹಸಿವು, ಹೊಡೆತ, ಸಾವನ್ನೇ ಪದ ಮಾಡಿ ಕೂರಿಸಿದ್ದರು. ಅದು ರಂಗದ ಮೇಲೆ ಬಂದದ್ದು 2007ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ಟಿಯೋನ್‌ಗೆ 100 ವರ್ಷ.

ಎಸ್‌ಎಸ್ ಅಧಿಕಾರಿಗಳ ಹೆಸರುಗಳನ್ನು ಅವರು ಅಡುಗೆ ರೆಸಿಪಿಗಳೊಳಗೆ ಸಂಕೇತವಾಗಿ ಬಚ್ಚಿಟ್ಟು ಹೊರಗೆ ತಂದರು. ಜೊತೆಗೆ ಒಂದು ಫಿಲಂ ರೋಲನ್ನೂ ತಂದರು. ಅದರ ಕಥೆ ಬೇರೆ. ರಾವೆನ್ಸ್‌ಬ್ರೂಕ್‌ನಲ್ಲಿ 74 ಪೋಲಿಷ್ ಹೆಂಗಸರ ಕಾಲು ಕೊಯ್ದು, ಗಾಯಕ್ಕೆ ಸೋಂಕು ಹಚ್ಚಿ, ಮೂಳೆ ಮುರಿದು ನಾಜಿ ವೈದ್ಯರು ಪ್ರಯೋಗ ಮಾಡಿದ್ದರು. ಕ್ಯಾಂಪಿನಲ್ಲಿ ಅವರನ್ನು 'ಮೊಲಗಳು' ಎನ್ನುತ್ತಿದ್ದರು. ಆ ಹೆಂಗಸರು ಮನೆಗೆ ಬರೆಯುವ ಪತ್ರದ ಸಾಲುಗಳ ನಡುವೆ ಮೂತ್ರವನ್ನೇ ಶಾಯಿ ಮಾಡಿಕೊಂಡು ಕಾಣದ ಅಕ್ಷರದಲ್ಲಿ ವಿಷಯ ತಿಳಿಸಿದರು. ಪೋಲೆಂಡಿನ ಮನೆಯವರು ಪತ್ರಕ್ಕೆ ಇಸ್ತ್ರಿ ಕಾವು ಕೊಟ್ಟು ಓದಿದರು. 1944ರಲ್ಲಿ ಕದ್ದು ತಂದ ಕ್ಯಾಮೆರಾದಲ್ಲಿ ತಮ್ಮ ಕಾಲುಗಳ ಫೋಟೋ ತೆಗೆದು, ಫಿಲಂ ಅನ್ನು ಟಿಯೋನ್ ಕೈಗೆ ಕೊಟ್ಟರು.

1945ರ ಮಾರ್ಚ್‌ನಲ್ಲಿ ಟಿಯೋನ್ ಅವರ ತಾಯಿ ಎಮಿಲಿಯನ್ನು ಅದೇ ಕ್ಯಾಂಪಿನಲ್ಲಿ ಗ್ಯಾಸ್ ಹಾಕಿ ಕೊಂದರು. ಏಪ್ರಿಲ್‌ನಲ್ಲಿ ಸ್ವೀಡನ್ ರೆಡ್ ಕ್ರಾಸ್ ಮಗಳನ್ನು ಬಿಡಿಸಿತು. ಸ್ವೀಡನ್‌ಗೆ ಹೋಗಿ ಮೊದಲು ಮಾಡಿದ ಕೆಲಸವೇ ಜೊತೆಯ ಹೆಂಗಸರನ್ನು ಕೂರಿಸಿ ಕೇಳಿ ಬರೆದುಕೊಂಡದ್ದು. ರಾವೆನ್ಸ್‌ಬ್ರೂಕ್ ಬಗ್ಗೆ ಅವರು 1946ರಲ್ಲಿ ಬರೆದರು. ಹೊಸ ದಾಖಲೆ ಸಿಕ್ಕಾಗ 1973ರಲ್ಲಿ ಮತ್ತೆ ಬರೆದರು. 1988ರಲ್ಲಿ ಮೂರನೇ ಸಲ. ಅನುಭವ ತನ್ನದೇ ಆದರೂ ಅದೊಂದನ್ನೇ ನಂಬಬಾರದು ಅನ್ನುವ ಶಿಸ್ತು ಇದು. ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಇಷ್ಟೆಲ್ಲ ಸಾಕ್ಷಿ ಇದ್ದೂ ಮುಂದಿನ ಮೂವತ್ತು ವರ್ಷ ಈ ವಿಷಯ ಬದಿಗೆ ಸರಿದಿತ್ತು. ಕಾರಣ ಒಂದೇ ಅಲ್ಲ. ಗೆದ್ದ ದೇಶಗಳಿಗೆ ಬೇಕಿದ್ದದ್ದು ಸೈನಿಕರ ಕಥೆ. ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ 1946ರ ಜನವರಿಯಲ್ಲಿ ಕೈದಿಯಾಗಿದ್ದ ಫ್ರೆಂಚ್ ಹೆಂಗಸು ಮಾರಿ ಕ್ಲೋದ್ ವಯಾಂ ಕುತ್ಯೂರಿಯೆ, ಪೋಲೆಂಡಿನಲ್ಲಿದ್ದ ನಾಜಿಗಳ ದೊಡ್ಡ ಕ್ಯಾಂಪು ಆಶ್‌ವಿಟ್ಜ್ ಮತ್ತು ರಾವೆನ್ಸ್‌ಬ್ರೂಕ್ ಎರಡರ ಬಗ್ಗೆಯೂ ಬಿಡಿಸಿ ಹೇಳಿದರು, ಆದರೆ ಅಲ್ಲಿ ಸಾಕ್ಷಿ ಹೇಳಿದ ಹೆಂಗಸರೇ ಬೆರಳೆಣಿಕೆ. ರಾವೆನ್ಸ್‌ಬ್ರೂಕ್ ಇದ್ದದ್ದು ಪೂರ್ವ ಜರ್ಮನಿಯಲ್ಲಿ, ಅಲ್ಲಿನ ಸರ್ಕಾರಕ್ಕೆ ಕಮ್ಯುನಿಸ್ಟ್ ವೀರವನಿತೆಯರು ಮಾತ್ರ ಸಾಕಾಗಿತ್ತು. ಬದುಕಿ ಬಂದವರಿಗೂ ಕೆಲವು ಮಾತು ಬಾಯಿಗೆ ಬರುತ್ತಿರಲಿಲ್ಲ. ಮುಟ್ಟು ನಿಂತದ್ದು, ತಲೆ ಬೋಳಿಸಿ ಗಂಡಸರ ಮುಂದೆ ಬೆತ್ತಲೆ ನಿಲ್ಲಿಸಿದ್ದು, ಬಸಿರು. ಆಶ್‌ವಿಟ್ಜ್‌ನಲ್ಲಿ ಬಸಿರು ಅಂತ ಗೊತ್ತಾದರೆ ಗ್ಯಾಸ್ ಚೇಂಬರ್. ಅಲ್ಲಿ ಕೈದಿಯಾಗಿದ್ದ ಡಾಕ್ಟರ್ ಗಿಸೆಲಾ ಪೆರ್ಲ್ ತಾಯಂದಿರ ಜೀವ ಉಳಿಸಲು ರಾತ್ರಿ ಕತ್ತಲಲ್ಲಿ, ಬರಿಗೈಯಲ್ಲಿ ಗರ್ಭಪಾತ ಮಾಡಿದರು. ಇದನ್ನು ಯಾರ ಮುಂದೆ ಹೇಳುವುದು?

1983ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಸ್ಟರ್ನ್ ಕಾಲೇಜಿನಲ್ಲಿ ಸಂಶೋಧಕಿಯರಾದ ಜೋನ್ ರಿಂಗಲ್‌ಹೈಮ್ ಮತ್ತು ಎಸ್ತರ್ ಕಾಟ್ಜ್ ಒಂದು ಸಮ್ಮೇಳನ ಕರೆದರು. ಹತ್ಯಾಕಾಂಡದಿಂದ ಬದುಕಿ ಬಂದ ಹೆಂಗಸರೇ ಬಂದು ಮಾತಾಡಿದರು. ಇದಕ್ಕೆ ತಕರಾರೂ ಇತ್ತು. ಅವರನ್ನು ಕೊಂದದ್ದು ಯಹೂದಿಗಳು ಅನ್ನುವ ಕಾರಣಕ್ಕೆ, ಹೆಂಗಸರು ಅನ್ನುವ ಕಾರಣಕ್ಕಲ್ಲವಲ್ಲ, ಈ ಪ್ರಶ್ನೆಯೇ ತಪ್ಪು ಎಂದರು ಲೇಖಕಿ ಸಿಂಥಿಯಾ ಓಜಿಕ್. ಈ ತಕರಾರಿನಲ್ಲಿ ಹುರುಳಿಲ್ಲ ಎನ್ನಲಾಗದು. ಗ್ಯಾಸ್ ಚೇಂಬರ್‌ನೊಳಗೆ ಗಂಡು ಹೆಣ್ಣು ಅನ್ನುವ ಭೇದ ಇರಲಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಬೇರೆಯಾಗಿತ್ತು. ಆಶ್‌ವಿಟ್ಜ್‌ನ ಪ್ಲಾಟ್‌ಫಾರಂನಲ್ಲಿ ಕೈಯಲ್ಲಿ ಕೂಸಿದ್ದ ತಾಯಿಯನ್ನು ಕೂಸಿನ ಜೊತೆಗೇ ಸಾವಿನ ಸಾಲಿಗೆ ತಳ್ಳುತ್ತಿದ್ದರು. ಅಪ್ಪನಿಗೆ ಕೆಲಸದ ಸಾಲಿನ ಒಂದು ಅವಕಾಶವಾದರೂ ಇತ್ತು.

ರಿಂಗಲ್‌ಹೈಮ್ ತಮ್ಮನ್ನೂ ಬಿಡಲಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಆಸರೆಯಾದರು, ಅದರಿಂದಲೇ ಉಳಿದರು ಅಂತ ಮೊದಲು ಬರೆದಿದ್ದವರು, 1985ರಲ್ಲಿ ಅದನ್ನೇ ಪ್ರಶ್ನಿಸಿದರು. ಸ್ನೇಹ ಇತ್ತು, ಸರಿ. ಸ್ನೇಹ ಇದ್ದವರೂ ಸತ್ತರು. ಹಿಂಸೆಯಲ್ಲಿ ಒಳ್ಳೆಯದನ್ನು ಹುಡುಕುವ ಆತುರ ಹಿಂಸೆಯನ್ನೇ ಚಂದ ಮಾಡಿಬಿಡುತ್ತದೆ ಅನ್ನುವುದು ಅವರ ಎಚ್ಚರಿಕೆ. ಕ್ಯಾಂಪಿನ ಹೆಂಗಸರು ಹಸಿದುಕೊಂಡೇ ರೆಸಿಪಿ ಹೇಳಿಕೊಳ್ಳುತ್ತಿದ್ದ ಕಥೆಗಳಿಗೂ ಇದು ಅನ್ವಯಿಸುತ್ತದೆ. ಈಗಿನ ಚೆಕ್ ದೇಶದಲ್ಲಿದ್ದ ತೆರೆಜಿನ್ ಘೆಟ್ಟೋದಲ್ಲಿ ಸತ್ತ ಮೀನಾ ಪೆಖ್ಟರ್ ಬರೆದಿಟ್ಟ ರೆಸಿಪಿಗಳ ಕಟ್ಟು ನ್ಯೂಯಾರ್ಕ್‌ನಲ್ಲಿದ್ದ ಮಗಳ ಕೈ ಸೇರಲು ಸುಮಾರು 25 ವರ್ಷ ಹಿಡಿಯಿತು. ಓದಿದರೆ ಕಣ್ಣು ತುಂಬುತ್ತದೆ. ಬರೆದವರು ಸತ್ತದ್ದು ಹಸಿವಿನಿಂದ ಅನ್ನುವುದನ್ನು ಮರೆಯುವ ಹಾಗಿಲ್ಲ.

ಪ್ರತಿರೋಧದ ಲೆಕ್ಕವೂ ಆಮೇಲೆ ಬದಲಾಯಿತು. ಪೋಲೆಂಡಿನ ಘೆಟ್ಟೋಗಳ ನಡುವೆ ಸುದ್ದಿ, ದುಡ್ಡು, ಪಿಸ್ತೂಲು ಸಾಗಿಸಿದವರು ಹೆಚ್ಚಾಗಿ ಹುಡುಗಿಯರೇ ಯಾಕೆ? ಸಮಾಜಶಾಸ್ತ್ರಜ್ಞೆ ಲೆನೋರ್ ವೈಟ್ಜ್‌ಮನ್ ಇದನ್ನು ಕೆದಕಿದರು. ಯಹೂದಿ ಗಂಡಸಿನ ಪ್ಯಾಂಟು ಬಿಚ್ಚಿಸಿದರೆ ಸುನ್ನತಿ ಕಾಣುತ್ತದೆ, ಹೆಂಗಸಿಗೆ ಆ ಗುರುತಿಲ್ಲ. ಗಂಡುಹುಡುಗರನ್ನು ಧಾರ್ಮಿಕ ಶಾಲೆಗೆ ಹಾಕಿದ ಎಷ್ಟೋ ಮನೆಗಳು ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಿದ್ದವು, ಹಾಗಾಗಿ ಅವರ ಪೋಲಿಷ್ ಮಾತು ಅಲ್ಲಿನವರ ಹಾಗೇ ಇತ್ತು. ಮನೆಯಲ್ಲಿ ಎರಡನೇ ದರ್ಜೆಯ ಓದು ಅಂತಿದ್ದದ್ದೇ ಇಲ್ಲಿ ಜೀವ ಉಳಿಸುವ ಸಾಮಾನಾಯಿತು. ಆಶ್‌ವಿಟ್ಜ್‌ನಲ್ಲಿ 1944ರ ಅಕ್ಟೋಬರ್ 7ರಂದು ದಂಗೆಯೆದ್ದವರಿಗೆ ಸಿಡಿಮದ್ದು ಕೊಟ್ಟವರೂ ಹೆಂಗಸರು. ಕಾರ್ಖಾನೆಯಿಂದ ಚಿಟಿಕೆ ಚಿಟಿಕೆಯಾಗಿ ಬಟ್ಟೆಯೊಳಗೆ ತಂದಿದ್ದರು. ರೋಜಾ ರೊಬೊಟಾ ಸೇರಿ ನಾಲ್ವರನ್ನು 1945ರ ಜನವರಿ 6ರಂದು ಗಲ್ಲಿಗೇರಿಸಿದರು. ಮೂರು ವಾರ ಕಳೆದಿದ್ದರೆ ಬಿಡುಗಡೆ.

ಬ್ರಿಟನ್ ತನ್ನ ಗೂಢಚಾರರಾಗಿ ಹೆಂಗಸರನ್ನು ಫ್ರಾನ್ಸ್‌ಗೆ ಕಳಿಸಿದ್ದರ ಹಿಂದೆಯೂ ಇದೇ ಬಗೆಯ ಲೆಕ್ಕ ಇತ್ತು. ಬೀದಿಯಲ್ಲಿ ಕಂಡ ಗಂಡಸನ್ನು ಜರ್ಮನ್ನರು ದುಡಿಮೆಗೆ ಎಳೆದೊಯ್ಯುತ್ತಿದ್ದರು, ಸೈಕಲ್ ಮೇಲೆ ಚೀಲ ಹಿಡಿದು ಹೋಗುವ ಹೆಂಗಸನ್ನು ತಡೆಯುತ್ತಿದ್ದದ್ದು ಕಡಿಮೆ. ಹಾಗೆ 1943ರ ಜೂನ್‌ನಲ್ಲಿ ಹೋದವರು ನೂರ್ ಇನಾಯತ್ ಖಾನ್. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವರು. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದಿದ್ದವರು. ಜರ್ಮನ್ನರ ಹಿಡಿತದ ಫ್ರಾನ್ಸ್‌ಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ರೇಡಿಯೋ ಆಪರೇಟರ್. ಸಿಕ್ಕಿಬಿದ್ದ ಮೇಲೆ ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸರಪಳಿ. ಯಾರ ಜೊತೆಯೂ ಮಾತಿಲ್ಲ. ಊಟದ ಬಟ್ಟಲಿನ ತಳದಲ್ಲಿ ಗೀಚಿ ಪಕ್ಕದ ಸೆಲ್‌ನವರಿಗೆ ತಮ್ಮ ಗುರುತು ತಿಳಿಸಿದರು. ಯುದ್ಧದ ನಂತರ ಬ್ರಿಟಿಷ್ ಅಧಿಕಾರಿಗಳು ಅವರು ಸತ್ತದ್ದು ನಾಟ್ಸ್‌ವೈಲರ್ ಕ್ಯಾಂಪಿನಲ್ಲಿ ಅಂತ ದಾಖಲಿಸಿದ್ದರು. ಅದು ತಪ್ಪು ಅಂತ ಗೊತ್ತಾದದ್ದು ಆ ಜೈಲಿನಲ್ಲಿದ್ದ ಫ್ರೆಂಚ್ ಹೆಂಗಸೊಬ್ಬರ ಪತ್ರದಿಂದ. ನೂರ್ ಅವರನ್ನು ಕೊಂದದ್ದು ಜರ್ಮನಿಯ ಡಾಖಾವ್ ಕ್ಯಾಂಪಿನಲ್ಲಿ, 1944ರ ಸೆಪ್ಟೆಂಬರ್ 13ರಂದು.

ಇನ್ನೂ ತಡವಾಗಿ ಬೆಳಕಿಗೆ ಬಂದವರು ಕಪ್ಪು ತ್ರಿಕೋನದವರು. ವೇಶ್ಯೆ, ಮನೆಮಠ ಇಲ್ಲದವಳು, ನಡತೆ ಸರಿಯಿಲ್ಲದವಳು ಅಂತ ಹಿಡಿದು ತಂದು, 'ಸಮಾಜಕ್ಕೆ ಬೇಡದವರು' ಅಂತ ಬಟ್ಟೆ ಮೇಲೆ ಕಪ್ಪು ಗುರುತು ಹೊಲಿಸಿದ್ದರು. ಇವರಲ್ಲಿ ಕೆಲವರನ್ನು ರಾವೆನ್ಸ್‌ಬ್ರೂಕ್‌ನಿಂದಲೇ ಬೇರೆ ಕ್ಯಾಂಪುಗಳ ವೇಶ್ಯಾಗೃಹಗಳಿಗೆ ಕಳಿಸಿದರು. ಹತ್ತು ಕ್ಯಾಂಪುಗಳಲ್ಲಿ ಎಸ್‌ಎಸ್ ಅಂಥ ಮನೆ ನಡೆಸುತ್ತಿತ್ತು. ಕೆಲವು ಕೈದಿ ಗಂಡಸರಿಗೆ ಕೂಪನ್ ಕೊಟ್ಟು ಕಳಿಸುವುದು ಜಾಸ್ತಿ ದುಡಿಸುವ ಒಂದು ಉಪಾಯವಾಗಿತ್ತು. ಯುದ್ಧ ಮುಗಿದ ಮೇಲೆ ಆ ಹೆಂಗಸರಿಗೆ ಪರಿಹಾರವೂ ಇಲ್ಲ, ಮರ್ಯಾದೆಯೂ ಇಲ್ಲ. ಬದುಕಿ ಬಂದ ಇತರ ಕೈದಿಗಳ ಸಂಘಗಳೂ ಅವರನ್ನು ಹತ್ತಿರ ಸೇರಿಸಲಿಲ್ಲ. ಜರ್ಮನಿಯ ಸಂಸತ್ತು ಕಪ್ಪು ತ್ರಿಕೋನದವರೂ ನಾಜಿಗಳ ಬಲಿಪಶುಗಳು ಅಂತ ಒಪ್ಪಿದ್ದು 2020ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ.

ಸಲಿಂಗಿ ಹೆಂಗಸರ ನೆನಪಿಗೆ ರಾವೆನ್ಸ್‌ಬ್ರೂಕ್‌ನಲ್ಲಿ ಒಂದು ಗೋಲ ಇಡಲು ವರ್ಷಗಟ್ಟಲೆ ಜಗಳವಾಯಿತು. ಜರ್ಮನ್ ಕಾನೂನು ಸಲಿಂಗಿ ಗಂಡಸರನ್ನು ಶಿಕ್ಷಿಸುತ್ತಿತ್ತು, ಹೆಂಗಸರನ್ನಲ್ಲ, ಹಾಗಾಗಿ ಅವರನ್ನು ಹಿಂಸಿಸಿದರು ಅನ್ನುವಂತಿಲ್ಲ ಅನ್ನುವುದು ವಿರೋಧಿಗಳ ವಾದ. ಕ್ಯಾಂಪಿನ ದಾಖಲೆ ಕಾರ್ಡಿನ ಮೇಲೆ ಬರೆದ ಕಾರಣ ಒಂದು, ಹಿಡಿದು ತಂದ ಕಾರಣ ಇನ್ನೊಂದು ಇರಬಹುದಲ್ಲ ಅನ್ನುವುದು ಉತ್ತರ. ಗೋಲ ಕೊನೆಗೂ 2022ರ ಮೇನಲ್ಲಿ ಬಂತು.

ಆ ಕಾರ್ಡುಗಳನ್ನೆಲ್ಲ ಎದುರಿಗಿಟ್ಟುಕೊಂಡು ಪರೀಕ್ಷಿಸೋಣ ಎಂದರೆ ಅವೇ ಇಲ್ಲ. ರಷ್ಯನ್ ಸೈನ್ಯ ಬರುವ ಮುಂಚೆ ಎಸ್‌ಎಸ್ ರಾವೆನ್ಸ್‌ಬ್ರೂಕ್‌ನ ಬಹುಪಾಲು ಕಾಗದ ಸುಟ್ಟುಹಾಕಿತ್ತು. ಸಂಶೋಧಕರು ಈಗಲೂ ಆಧರಿಸುವುದು ಕೈದಿಗಳೇ ಕದ್ದು ನಕಲು ಮಾಡಿಟ್ಟ ಪಟ್ಟಿಗಳನ್ನು, ಮತ್ತು ಸ್ವೀಡನ್‌ನ ಲುಂಡ್ ಊರಿನಲ್ಲಿ 1945-46ರಲ್ಲಿ ಪೋಲಿಷ್ ನಿರಾಶ್ರಿತರು, ತಮ್ಮಂತೆಯೇ ಬದುಕಿ ಬಂದವರನ್ನು ಕೂರಿಸಿ ಬರೆದುಕೊಂಡ 500ಕ್ಕೂ ಹೆಚ್ಚು ಹೇಳಿಕೆಗಳನ್ನು.