ಆ ರಕ್ತ ಅಶುದ್ಧ ಅಲ್ಲ, ತಂಗೀ

ಕಳೆದ ಭಾನುವಾರವೂ ಅದೇ ಆಯಿತು. ಕಾರವಾರದ ನಮ್ಮ ಮನೆಯ ಜಗಲಿಯಲ್ಲಿ ಒಂಬತ್ತು ಮಕ್ಕಳು ಕೂತಿದ್ದರು. ಎಲ್ಲರದ್ದೂ ಪಿಯುಸಿ ಸೈನ್ಸ್, ಎಲ್ಲರಿಗೂ ಬಿಎಸ್ಸಿ ನರ್ಸಿಂಗ್ ಸೀಟು ಬೇಕು. ನಾನು ಕೇಳಿದ್ದು ಒಂದೇ ಪ್ರಶ್ನೆ, ಆರ್ಟರಿ ಅಂದರೆ ಏನು? ಒಂಬತ್ತೂ ಬಾಯಿಂದ ಒಂದೇ ಉತ್ತರ, ಮಗ್ಗಿ ಒಪ್ಪಿಸಿದ ಹಾಗೆ ಬಂತು. "ಶುದ್ಧ ರಕ್ತ ಒಯ್ಯುವುದು ಆರ್ಟರಿ, ಅಶುದ್ಧ ರಕ್ತ ಒಯ್ಯುವುದು ವೇನ್."

ಹದಿನೆಂಟು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ಆಮೇಲೆ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುತ್ತಾ ಬಂದಿದ್ದೇನೆ. ಈ ಒಂದು ವಾಕ್ಯ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಕ್ಕಳ ಮೇಲಲ್ಲ, ಆ ವಾಕ್ಯದ ಮೇಲೆ.

206 ಮೂಳೆ, 12 ಜೊತೆ ಪಕ್ಕೆಲುಬು, 12 ಜೊತೆ ಕ್ರೇನಿಯಲ್ ನರ, ಯಾವ ಹಾರ್ಮೋನು ಯಾವ ಗ್ರಂಥಿಯಿಂದ ಬರುತ್ತದೆ, ಇದನ್ನೆಲ್ಲ ಬಾಯಿಪಾಠ ಮಾಡಲೇಬೇಕು. ಅದಕ್ಕೆ ಅಡ್ಡದಾರಿ ಇಲ್ಲ, ಅದನ್ನು ನಾನು ಇಲ್ಲಿ ಹೇಳುವುದೂ ಇಲ್ಲ. ಆದರೆ ರಕ್ತ ಹರಿಯುವ ದಾರಿಯನ್ನು ಬಾಯಿಪಾಠ ಮಾಡಿದರೆ ನಡೆಯುವುದಿಲ್ಲ. ಅದನ್ನು ನಡೆದು ನೋಡಬೇಕು.

ಆ ವಾಕ್ಯ ಕಲಿತ ಮಕ್ಕಳು ಏನು ಮಾಡುತ್ತಾರೆ ನೋಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿ ಬಂದ ಕೂಡಲೇ ಸಿಕ್ಕಿಬೀಳುತ್ತಾರೆ. ಅದರಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಇದೆ. ಸರಿ, "ಪಲ್ಮನರಿ ಆರ್ಟರಿ ಒಂದನ್ನು ಬಿಟ್ಟು" ಎಂದು ನೋಟ್ಸಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಳ್ಳುತ್ತಾರೆ. ಆಮೇಲೆ ಶ್ವಾಸಕೋಶದಿಂದ ವಾಪಸು ಬರುವ ನಾಲ್ಕು ಪಲ್ಮನರಿ ವೇನ್, "ಅವನ್ನೂ ಬಿಟ್ಟು". ಗರ್ಭದ ಮಗುವಿನ ಹೊಕ್ಕುಳ ಬಳ್ಳಿಯ ಪಾಠ ಬಂದಾಗ ಇನ್ನೂ ಒಂದು "ಬಿಟ್ಟು". ಹೀಗೆ ಬಿಡುತ್ತಾ ಹೋದರೆ ಕೈಯಲ್ಲಿ ಏನು ಉಳಿಯುತ್ತದೆ? ನರ್ಸಿಂಗ್ ಸೀಟಿಗೆ ಬರೆಯುವ ಸಿಇಟಿಯ ಜೀವಶಾಸ್ತ್ರದಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಆ ಹೊತ್ತಿನಲ್ಲಿ "ಬಿಟ್ಟು"ಗಳ ಪಟ್ಟಿ ನೆನಪು ಮಾಡಿಕೊಳ್ಳಲು ಆಗುತ್ತದಾ? (ಪರೀಕ್ಷೆಯ ನಿಯಮಗಳು ಬದಲಾಗುತ್ತಿರುತ್ತವೆ. ಪರೀಕ್ಷೆ ನಡೆಸುವ ಕೆಇಎ ಆಯಾ ವರ್ಷ ಹೊರಡಿಸುವ ಪ್ರಕಟಣೆಯನ್ನೇ ನಂಬಿ, ನನ್ನ ಮಾತನ್ನಲ್ಲ.)

ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲ ಇದೆ, ಅದು ಅವರಿಗೇ ಗೊತ್ತಿಲ್ಲ. ಜಾಸ್ತಿ ಮಂದಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಬಂದ ಮೇಲೆ ಇಂಗ್ಲಿಷ್ ಹೆಸರುಗಳು ಮೈಮೇಲೆ ಬೀಳುತ್ತವೆ. ಹಳೇ ಕನ್ನಡ ಹೆಸರುಗಳನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ನಾನು ಅವನ್ನು ಮತ್ತೆ ಹೊರಗೆ ತೆಗೆಸುತ್ತೇನೆ. ಆರ್ಟರಿಗೆ ಏನು ಓದಿದ್ದಿರಿ? ಅಪಧಮನಿ. ವೇನ್‌ಗೆ? ಅಭಿಧಮನಿ. ಹಾಗಾದರೆ ಅಪ ಅಂದರೇನು, ಅಭಿ ಅಂದರೇನು?

ಭಾನುವಾರ ಅಂಕೋಲಾ ಕಡೆಯ ಹುಡುಗಿಯೊಬ್ಬಳು ತಟ್ಟನೆ ಹೇಳಿದಳು, "ಅಪ ಅಂದ್ರೆ ಕೆಟ್ಟದ್ದು ಅಲ್ವಾ ಅಕ್ಕೋರೇ? ಅಪಶಕುನ, ಅಪಕೀರ್ತಿ."

"ಹಾಗಾದರೆ ನಿನ್ನ ಲೆಕ್ಕದಲ್ಲಿ ಅಪಧಮನಿಯಲ್ಲೇ ಅಶುದ್ಧ ರಕ್ತ ಇರಬೇಕಿತ್ತಲ್ಲ ತಂಗೀ?" ಎಂದೆ. ಅವಳು ಪುಸ್ತಕ ಮುಚ್ಚಿ ಯೋಚನೆಗೆ ಬಿದ್ದಳು. ಅಂಥ ಗಳಿಗೆ ನನಗೆ ತುಂಬಾ ಇಷ್ಟ.

ಅಪ ಎಂಬುದಕ್ಕೆ ಆಚೆಗೆ, ದೂರಕ್ಕೆ ಎಂಬ ಅರ್ಥವೂ ಇದೆ. ಅಪಹರಣ ಅಂದರೆ ಎತ್ತಿಕೊಂಡು ದೂರ ಹೋಗುವುದು. ಅಭಿ ಅಂದರೆ ಕಡೆಗೆ. ಅಭಿಮುಖ ಅಂದರೆ ಕಡೆಗೆ ಮುಖ ಮಾಡಿದ್ದು. ಅತಿಥಿ ಅಭ್ಯಾಗತರು ಎನ್ನುತ್ತೇವಲ್ಲ, ಆ ಅಭ್ಯಾಗತ ಅಂದರೆ ನಮ್ಮ ಮನೆ ಕಡೆಗೆ ಬಂದವನು. ಈಗ ಹೃದಯವನ್ನು ಮನೆ ಅಂದುಕೊಳ್ಳಿ. ಮನೆಯಿಂದ ಹೊರಟಿದ್ದು ಅಪಧಮನಿ. ಮನೆಗೆ ಬಂದಿದ್ದು ಅಭಿಧಮನಿ. ಅಷ್ಟೇ. ಒಳಗೆ ಯಾವ ರಕ್ತ ಇದೆ ಎಂದು ಆ ಹೆಸರು ಹೇಳುವುದೇ ಇಲ್ಲ. ಅದು ಹೇಳುವುದು ದಿಕ್ಕನ್ನು ಮಾತ್ರ.

ಮತ್ತೊಮ್ಮೆ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಇಲ್ಲಿ ತಲೆಯಾಡಿಸಿ ಮುಂದಿನ ವಾರ ಮತ್ತೆ ಶುದ್ಧ-ಅಶುದ್ಧಕ್ಕೇ ವಾಪಸಾಗುತ್ತಾರೆ. ಆರ್ಟರಿಯ ಗುರುತು ದಿಕ್ಕು. ಬಣ್ಣ ಅಲ್ಲ, ಆಕ್ಸಿಜನ್ ಅಲ್ಲ. ಪಲ್ಮನರಿ ಆರ್ಟರಿ ಹೃದಯದಿಂದ ಹೊರಡುತ್ತದೆ, ಅದಕ್ಕೇ ಆರ್ಟರಿ. ಅದು ನಿಯಮಕ್ಕೆ ಹೊರತಲ್ಲ, ಅದೇ ನಿಯಮ.

ಅಶುದ್ಧ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡೋಣ. ಆ ಹುಡುಗಿಯ ಆಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಾರೆ. ಅವಳಿಗೆ ಕೇಳಿದೆ, "ಆಯಿ 20 ಬಂಗಡೆ ತಗೊಂಡು ಹೊರಟು 5 ಮಾರಿ ಬಂದರೆ ಬುಟ್ಟಿಯಲ್ಲಿ ಎಷ್ಟು ಇರ್ತದೆ?" ಹದಿನೈದು. ರಕ್ತದ ಲೆಕ್ಕವೂ ಹೆಚ್ಚು ಕಡಿಮೆ ಅದೇ. 100 ಮಿಲಿ ರಕ್ತ ಸುಮಾರು 20 ಮಿಲಿ ಆಕ್ಸಿಜನ್ ಹೊತ್ತು ಹೊರಡುತ್ತದೆ. ನಾವು ಸುಮ್ನೆ ಕೂತಿರುವಾಗ ಅದರಲ್ಲಿ ಸುಮಾರು 5 ಮಿಲಿಯನ್ನು ಅಂಗಾಂಶಗಳಿಗೆ ಕೊಟ್ಟು ವಾಪಸು ಬರುತ್ತದೆ. ಅಂದರೆ ನೀವು ಅಶುದ್ಧ ಎಂದು ಕರೆಯುವ ರಕ್ತದಲ್ಲಿ ಇನ್ನೂ ಮುಕ್ಕಾಲು ಪಾಲು ಆಕ್ಸಿಜನ್ ಇದೆ. ಅದು ನೀಲಿಯೂ ಅಲ್ಲ. ಪುಸ್ತಕದ ಚಿತ್ರದಲ್ಲಿ ನೀಲಿ ಹಚ್ಚಿರುವುದು ಗುರುತಿಗೆ ಮಾತ್ರ. ನಿಜವಾದ ಬಣ್ಣ ಕಡುಗೆಂಪು.

ಶುದ್ಧ ಎಂಬುದಕ್ಕೆ ಕಸ ಇಲ್ಲದ್ದು ಎಂದು ಅರ್ಥ ಮಾಡಿದರೂ ಲೆಕ್ಕ ತಪ್ಪುತ್ತದೆ. ಯೂರಿಯಾ ಅತಿ ಕಡಿಮೆ ಇರುವುದು ಕಿಡ್ನಿಯಿಂದ ಹೊರಗೆ ಬರುವ ರೀನಲ್ ವೇನ್‌ನಲ್ಲಿ. ಊಟ ಆದ ಮೇಲೆ ಸಕ್ಕರೆ ಅತಿ ಹೆಚ್ಚು ಇರುವುದು ಕರುಳಿನಿಂದ ಲಿವರ್‌ಗೆ ಹೋಗುವ ಪೋರ್ಟಲ್ ವೇನ್‌ನಲ್ಲಿ. ಇವೆರಡೂ ಪರೀಕ್ಷೆ ಮಾಡುವವರಿಗೆ ಬಹಳ ಪ್ರೀತಿಯ ಪ್ರಶ್ನೆಗಳು. ವೇನ್ ಅಂದರೆ ಕೊಳಕು ಎಂದು ನಂಬಿದ ಮಗು ಇಲ್ಲಿ ಖಂಡಿತ ತಪ್ಪುತ್ತದೆ.

ಮೀನಿನ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮುಂದಿನ ಸಲ ಮನೆಯಲ್ಲಿ ದೊಡ್ಡ ಮೀನು ಹೆಚ್ಚುವಾಗ ಕಿವಿರಿನ ಹಿಂದೆ, ಗಂಟಲ ಕೆಳಗೆ ನೋಡಿ. ಸಣ್ಣ, ಕಡುಗೆಂಪು ಗಂಟಿನ ಹಾಗೆ ಹೃದಯ ಸಿಗುತ್ತದೆ. ಅದರಲ್ಲಿ ನಮ್ಮ ಹಾಗೆ ನಾಲ್ಕು ಕೋಣೆ ಇಲ್ಲ. ರಕ್ತ ಬಂದು ಸೇರುವ ಒಂದು ಹೃತ್ಕರ್ಣ, ಅದನ್ನು ಹೊರಗೆ ತಳ್ಳುವ ಒಂದು ಹೃತ್ಕುಕ್ಷಿ, ಅಷ್ಟೇ. ಆ ಹೃದಯದೊಳಗೆ ಬರುವ ರಕ್ತವೆಲ್ಲ ಆಕ್ಸಿಜನ್ ಕಡಿಮೆ ಇರುವುದೇ. ಅಲ್ಲಿಂದ ಅಪಧಮನಿಯ ಮೂಲಕ ಕಿವಿರಿಗೆ ಹೋಗಿ ಆಕ್ಸಿಜನ್ ತುಂಬಿಕೊಂಡು ಹಾಗೇ ಮೈಗೆಲ್ಲ ಹರಿಯುತ್ತದೆ. ನಿಮ್ಮ ಶುದ್ಧ-ಅಶುದ್ಧದ ನಿಯಮವನ್ನು ಬಂಗಡೆಗೆ ಹಾಕಿ ನೋಡಿ, ಹೃದಯದಿಂದ ಹೊರಡುವ ಮೊದಲ ಆರ್ಟರಿಯಲ್ಲೇ ಅದು ಮುರಿದು ಬೀಳುತ್ತದೆ.

ಇದು ಬರೀ ಮಾರ್ಕಿನ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಲವು ವರ್ಷದ ಹಿಂದೆ ಶಿರಸಿ ಕಡೆಯ ಅಜ್ಜ ಒಬ್ಬರು ನಮ್ಮ ವಾರ್ಡಿನಲ್ಲಿ ಅಡ್ಮಿಟ್ ಆಗಿದ್ದರು. ಟ್ರೇನಿಂಗ್‌ಗೆ ಬಂದಿದ್ದ ಹುಡುಗಿ ಅವರ ಮೊಣಕೈ ಹತ್ತಿರ ರಕ್ತ ತೆಗೆದಳು. ಸಿರಿಂಜಿನಲ್ಲಿ ಕಪ್ಪುಗೆಂಪು ಬಣ್ಣ ಕಂಡು ಅಜ್ಜ ಕೇಳಿದರು, "ಇಷ್ಟು ಕಪ್ಪಾಗಿದೆಯಲ್ಲ ಮಗಾ, ಕೆಟ್ಟಿದೆಯಾ?" ಅವಳು ಓದಿದ್ದನ್ನೇ ಹೇಳಿದಳು. "ಹೌದು ಅಜ್ಜ, ಇದು ಅಶುದ್ಧ ರಕ್ತ." ಆ ರಾತ್ರಿ ಅವರು ಊಟ ಮಾಡಲಿಲ್ಲ. ಮಗನನ್ನು ಕರೆದು ತೋಟದ ಕಾಗದಪತ್ರದ ಮಾತಾಡಲು ಶುರು ಮಾಡಿದರು. ನಾನು ಡ್ಯೂಟಿಗೆ ಬಂದಾಗ ಇನ್ನೂ ಎದ್ದೇ ಕೂತಿದ್ದರು. ಹತ್ತಿರ ಕೂತು ಹೇಳಿದೆ. ಅಜ್ಜ, ಇಲ್ಲಿಂದ ತೆಗೆದರೆ ನನ್ನ ರಕ್ತವೂ ಇದೇ ಬಣ್ಣ. ರಕ್ತದಾನ ಮಾಡುವವರಿಂದ ತೆಗೆಯುವುದೂ ಇದೇ ರಕ್ತನಾಳದಿಂದ. ಅದನ್ನೇ ಹೆರಿಗೆಯಲ್ಲಿ ರಕ್ತ ಹೋದ ಬಾಣಂತಿಗೆ ಕೊಡುತ್ತೇವೆ. ಕೆಟ್ಟದ್ದಾದರೆ ಕೊಡುತ್ತೇವಾ? ಅವರು ತನ್ನ ಕೈಯನ್ನು ಒಮ್ಮೆ, ನನ್ನ ಕೈಯನ್ನು ಒಮ್ಮೆ ನೋಡಿದರು. ಆಮೇಲೆ ಹಾಲು ಕೇಳಿ ಕುಡಿದರು.

ಆ ಹುಡುಗಿಯದ್ದು ತಪ್ಪಲ್ಲ. ಅವಳಿಗೆ ಹಾಗೆ ಕಲಿಸಿದ್ದರು.

ದಿಕ್ಕನ್ನು ನಿಮ್ಮ ಕೈಯ ಮೇಲೇ ನೋಡಬಹುದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತಿ ಬರುತ್ತದೆ ಎಂದು ತೋರಿಸಿಕೊಟ್ಟಾಗ ಇದನ್ನೇ ಚಿತ್ರ ಬರೆಸಿ ಹಾಕಿದ್ದ. ರಟ್ಟೆಗೆ ಒಂದು ವೇಲನ್ನು ಹದವಾಗಿ ಕಟ್ಟಿ. ಮಣಿಕಟ್ಟಿನ ನಾಡಿ ಸಿಗುತ್ತಲೇ ಇರಬೇಕು, ಅಷ್ಟು ಸಡಿಲ. ಕೈ ಕೆಳಗೆ ಬಿಟ್ಟು ಮುಷ್ಟಿ ಹಿಡಿಯಿರಿ. ಮುಂಗೈಯ ವೇನ್‌ಗಳು ಉಬ್ಬುತ್ತವೆ, ನಡುನಡುವೆ ಸಣ್ಣ ಗಂಟು ಕಾಣುತ್ತದೆ. ಆ ಗಂಟುಗಳೇ ಕವಾಟ. ಈಗ ಒಂದು ಬೆರಳನ್ನು ಕೆಳಗೆ, ಮಣಿಕಟ್ಟಿನ ಕಡೆ ವೇನ್ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಗಂಟು ದಾಟುವ ತನಕ ಸವರಿ ಆ ಬೆರಳು ಎತ್ತಿ. ಮೇಲಿನ ರಕ್ತ ಗಂಟಿನವರೆಗೆ ಬಂದು ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಕೆಳಗಿನ ಬೆರಳು ಎತ್ತಿ. ಸರ್ರನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ.

ಒಂದು ನಿಮಿಷಕ್ಕಿಂತ ಜಾಸ್ತಿ ಕಟ್ಟಬೇಡಿ. ಸಣ್ಣ ಮಕ್ಕಳಿಗೆ, ಕೈ ಊದಿದವರಿಗೆ, ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ (ಆರ್ಟರಿಗೆ ವೇನ್ ಜೋಡಿಸುವುದು) ಮಾಡಿಸಿಕೊಂಡವರಿಗೆ ಇದನ್ನು ಮಾಡಲೇಬೇಡಿ. ಚರ್ಮ ದಪ್ಪ ಇದ್ದರೆ ಸರಿಯಾಗಿ ಕಾಣದೆಯೂ ಹೋಗಬಹುದು, ಆಗ ಮನೆಯಲ್ಲಿ ತೆಳ್ಳಗಿನ ಕೈಯವರನ್ನು ಹುಡುಕಿ. ಹಾರ್ವೆಗೂ ಒಂದು ವಿಷಯ ಕಂಡಿರಲಿಲ್ಲ. ಆರ್ಟರಿಯಿಂದ ವೇನ್‌ಗೆ ರಕ್ತ ದಾಟುವ ಕೂದಲಿಗಿಂತ ತೆಳುವಾದ ಲೋಮನಾಳಗಳು. ಅವನ್ನು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ನೋಡಿದ. ಅಷ್ಟರಲ್ಲಿ ಹಾರ್ವೆ ತೀರಿಕೊಂಡು 4 ವರ್ಷವಾಗಿತ್ತು. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ.

ಕೈಯಲ್ಲಿ ದಿಕ್ಕು ಕಂಡವರಿಗೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಸಲೈನ್ ಹಾಕುವಾಗ ಸೂಜಿಯ ತುದಿ ಯಾಕೆ ಭುಜದ ಕಡೆಗೇ ಇರಬೇಕು? ಕಾಲಿನ ವೇನ್‌ನಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಹೊರಟರೆ ಯಾಕೆ ಮೊದಲು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ, ಮೆದುಳಿನಲ್ಲಿ ಯಾಕಲ್ಲ? ಕಾಲಿನಿಂದ ಹೊರಟು ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪಲ್ಮನರಿ ಆರ್ಟರಿ ಎಂದು ಬೆರಳಿಟ್ಟು ನಡೆದುಕೊಂಡು ಹೋಗಿ. ಮುಂದೆ ನಾಳಗಳು ಸಣ್ಣದಾಗುತ್ತವೆ, ಗಡ್ಡೆ ಅಲ್ಲೇ ನಿಲ್ಲುತ್ತದೆ. ಚಿತ್ರದಲ್ಲಿ ನಿಮ್ಮ ಎಡಕ್ಕೆ ಇರುವುದು ಅವರ ಬಲ ಎಂಬುದು ನೆನಪಿರಲಿ, ಅಷ್ಟೇ.

ಭಾನುವಾರ ಹೊರಡುವ ಮುಂಚೆ ಹೊಕ್ಕುಳ ಬಳ್ಳಿಯ ಪ್ರಶ್ನೆ ಕೇಳಿದೆ. ಬಳ್ಳಿಯಲ್ಲಿ ಮೂರು ನಾಳ ಇರುತ್ತವೆ. ಮಾಸಿನಿಂದ (ಪ್ಲಾಸೆಂಟಾ) ಆಕ್ಸಿಜನ್ ತುಂಬಿದ ರಕ್ತವನ್ನು ಮಗುವಿಗೆ ತರುವುದು ಒಂದು. ಅದಕ್ಕೆ ಏನು ಹೆಸರಿಡುತ್ತೀರಿ? ಇಬ್ಬರು ಕೆಂಪು ಪೆನ್ನಿನ ಪಟ್ಟಿ ತೆಗೆದರು. ಅಂಕೋಲಾದ ಹುಡುಗಿ ನೋಟ್ಸ್ ಮುಟ್ಟಲಿಲ್ಲ. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಲಗೈ ಬೆರಳನ್ನು ಹೊಕ್ಕುಳಿನಿಂದ ಮೇಲಕ್ಕೆ ಮೆಲ್ಲಗೆ ಎಳೆದಳು.

"ಮಗುವಿನ ಹೃದಯದ ಕಡೆಗೇ ಬರ್ತದಲ್ಲ ಅಕ್ಕೋರೇ," ಅಂದಳು. "ಹಾಗಾದ್ರೆ ವೇನ್. ಉಳಿದ ಎರಡು ಆರ್ಟರಿ."