ಶಾಲೆಗೆ ಬೀಗ ಬಿದ್ದ ತಿಂಗಳುಗಳು: ಸಾಂಕ್ರಾಮಿಕ ಮತ್ತು ಹದಿಹರೆಯದ ಬಸಿರು

ಕೋವಿಡ್ ಕಾಲದಲ್ಲಿ ಹದಿಹರೆಯದ ಗರ್ಭಧಾರಣೆ ಎಲ್ಲ ಕಡೆ ಏರಿತು ಎಂಬ ಮಾತು ಅರ್ಧ ಮಾತ್ರ ನಿಜ. ಅಮೆರಿಕದಲ್ಲಿ 15ರಿಂದ 19 ವಯಸ್ಸಿನ ಸಾವಿರ ಹೆಣ್ಣುಮಕ್ಕಳಿಗೆ 2019ರಲ್ಲಿ 16.7 ಹೆರಿಗೆಗಳಾಗಿದ್ದವು. ಅದು 2020ರಲ್ಲಿ 15.4ಕ್ಕೆ, 2021ರಲ್ಲಿ 13.9ಕ್ಕೆ ಇಳಿಯಿತು. 1991ರ ನಂತರ ಶುರುವಾದ ಇಳಿಕೆ ಅಲ್ಲಿ ನಿಲ್ಲಲೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ 2020ರಲ್ಲಿ ಇಳಿಕೆಯೇ ಕಂಡಿತು. ಅದೇ ವರ್ಷ ಕೀನ್ಯಾದ ಸಿಯಾಯಾ ಕೌಂಟಿಯಲ್ಲಿ, ಆರು ತಿಂಗಳು ಶಾಲೆ ತಪ್ಪಿದ ಪ್ರೌಢಶಾಲಾ ಹುಡುಗಿಯರು ಓದು ಮುಗಿಸುವ ಮೊದಲೇ ಬಸಿರಾಗುವ ಸಂಭವ, ಕೋವಿಡ್‌ಗೆ ಮೊದಲೇ ಓದು ಮುಗಿಸಿದ ಹುಡುಗಿಯರಿಗಿಂತ ದುಪ್ಪಟ್ಟಾಯಿತು. ಓದು ಬಿಡುವ ಸಂಭವ ಮೂರು ಪಟ್ಟು.

ವೈರಸ್ ಒಂದೇ ಆದರೂ ಫಲ ಹೀಗೆ ಎದುರುಬದುರಾಗಲು ಕಾರಣವಿದೆ. ಹುಡುಗಿಯ ಗೆಳೆಯ ಅವಳ ಓರಗೆಯವನೇ ಆಗಿದ್ದರೆ ಲಾಕ್‌ಡೌನ್ ಅವನನ್ನೂ ಮನೆಯಲ್ಲಿ ಕೂರಿಸುತ್ತದೆ, ಭೇಟಿಯೇ ತಪ್ಪುತ್ತದೆ. ಅವಳನ್ನು ಸಮೀಪಿಸುವವನು ದುಡಿಯುವ ಗಂಡಸು, ನೆಂಟ, ನೆರೆಯವನು ಆಗಿದ್ದರೆ, ಅಥವಾ ಮನೆಯವರೇ ಗೊತ್ತು ಮಾಡಿದ ವರನಾಗಿದ್ದರೆ, ಶಾಲೆ ಮುಚ್ಚುವುದೆಂದರೆ ಅವಳಿಗಿದ್ದ ಒಂದೇ ಆಸರೆ ಕಳಚಿದಂತೆ. ಏರಿಕೆ ಇಳಿಕೆಗಳನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ.

ಇದು ಕೋವಿಡ್‌ಗೆ ಐದಾರು ವರ್ಷ ಮೊದಲೇ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಗೊತ್ತಾಗಿತ್ತು. 2014ರ ಮೇ ತಿಂಗಳಲ್ಲಿ ಅಲ್ಲಿ ಎಬೋಲಾ ದೃಢಪಟ್ಟಿತು. ಮುಚ್ಚಿದ ಶಾಲೆಗಳು ತೆರೆದದ್ದು 2015ರ ಏಪ್ರಿಲ್ 14ರಂದು. ಸಂತೆಗಳಿಗೆ, ಓಡಾಟಕ್ಕೆ ತಡೆ ಬಿತ್ತು. ದುಡಿಯುವವರು ಸತ್ತ ಮನೆಗಳಲ್ಲಿ ಅಕ್ಕಿ, ಸೋಪು, ಮೊಬೈಲ್ ಕರೆನ್ಸಿಗೂ ಹುಡುಗಿಯರು ಕೈಯಲ್ಲಿ ಕಾಸಿದ್ದ ಗಂಡಸರ ಮುಂದೆ ನಿಲ್ಲಬೇಕಾಯಿತು. ಆಸ್ಪತ್ರೆಗಳ ಸ್ಥಿತಿ ಇನ್ನೂ ಕಷ್ಟ. ರಕ್ತಸ್ರಾವ ಎಬೋಲಾದ ಲಕ್ಷಣಗಳಲ್ಲೊಂದು. ಗರ್ಭಪಾತವಾಗಿ ರಕ್ತ ಹೋಗುತ್ತಿದ್ದ ಬಸುರಿಯನ್ನು ಮುಟ್ಟಲು ಸಿಬ್ಬಂದಿ ಹೆದರುತ್ತಿದ್ದರು, ಅಲ್ಲಿಗೆ ಹೋದರೆ ಸೋಂಕು ತಗುಲುತ್ತದೆಂದು ಹುಡುಗಿಯರೂ ಹೆದರುತ್ತಿದ್ದರು. ಗರ್ಭನಿರೋಧಕ ಕೇಳಿಕೊಂಡು ಹೋಗುವ ಮಾತಂತೂ ದೂರವೇ ಉಳಿಯಿತು. ಆ ಅವಧಿಯಲ್ಲಿ ಬಸಿರಾದ 18,119 ಹದಿಹರೆಯದವರನ್ನು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಬೆಂಬಲಿಸಿದ ಸಮೀಕ್ಷೆ ಲೆಕ್ಕ ಹಾಕಿತು.

ಎಬೋಲಾ ಬರುವ ಹೊತ್ತಿಗೆ ಬಾಂಗ್ಲಾದೇಶ ಮೂಲದ ಸೇವಾ ಸಂಸ್ಥೆ ಬ್ರ್ಯಾಕ್ ಅಲ್ಲಿ ಹುಡುಗಿಯರ ಕ್ಲಬ್‌ಗಳನ್ನು ಶುರು ಮಾಡುವುದರಲ್ಲಿತ್ತು. ಅಧ್ಯಯನಕ್ಕೆ ಆಯ್ದದ್ದು 200 ಹಳ್ಳಿ. ಕೆಲವಕ್ಕೆ ಕ್ಲಬ್ ಸಿಕ್ಕಿತು, ಕೆಲವಕ್ಕೆ ಇಲ್ಲ. ಕ್ಲಬ್ ಎಂದರೆ ಗಂಡಸರಿಲ್ಲದ ಒಂದು ಜಾಗ, ಆರೋಗ್ಯದ ಮಾತು, ಒಂದಿಷ್ಟು ಕಸುಬಿನ ಕಲಿಕೆ, ಅಷ್ಟೇ. ಕ್ಲಬ್ ಇಲ್ಲದ ಹಳ್ಳಿಗಳಲ್ಲಿ 12ರಿಂದ 17ರ ಹುಡುಗಿಯರು ಗಂಡಸರ ಜೊತೆ ಕಳೆಯುವ ಸಮಯ ಹೆಚ್ಚಿತು, ಬಸಿರಾಗುವುದು ಹೆಚ್ಚಿತು, ಎಬೋಲಾ ಮುಗಿದ ಮೇಲೆ ಶಾಲೆಗೆ ಮರಳುವವರ ಪ್ರಮಾಣ ಶೇಕಡಾ 16 ಅಂಶಗಳಷ್ಟು ಕುಸಿಯಿತು. ಕ್ಲಬ್ ಇದ್ದ ಕಡೆ ಈ ಹೊಡೆತ ಬಹಳಷ್ಟು ತಗ್ಗಿತು. ಈ ವಿಷಯದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಉಪಯುಕ್ತ ತಿಳಿವಳಿಕೆ ಇದು: ತರಗತಿಯ ಪಾಠ ನಿಂತರೂ ಹುಡುಗಿಯರು ದಿನಾ ಸೇರುವ ಸುರಕ್ಷಿತ ಜಾಗವೊಂದು ಉಳಿದರೆ ಸಾಕಷ್ಟು ಅನಾಹುತ ತಪ್ಪುತ್ತದೆ.

ಆ ದೇಶ ಮುಂದೆ ಮಾಡಿದ್ದು ಇದಕ್ಕೆ ಸಂಪೂರ್ಣ ವಿರುದ್ಧ. ಶಾಲೆಗಳು ತೆರೆಯುವ ಹೊತ್ತಿಗೆ, ಹೊಟ್ಟೆ ಕಾಣುವ ಹುಡುಗಿಯರು ತರಗತಿಗೂ ಪರೀಕ್ಷೆಗೂ ಬರಕೂಡದು ಎಂದು ಸರ್ಕಾರ ಆದೇಶಿಸಿತು. ಕೆಲವು ಶಾಲೆಗಳಲ್ಲಿ ಹುಡುಗಿಯರ ಹೊಟ್ಟೆ, ಎದೆ ಮುಟ್ಟಿ ತಪಾಸಣೆ ಮಾಡಿದ್ದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ದಾಖಲಿಸಿದೆ. ಬಸಿರಾದವರಿಗೆಂದು ತೆರೆದ ಪ್ರತ್ಯೇಕ ಕೇಂದ್ರಗಳಲ್ಲಿ ವಾರಕ್ಕೆ ಮೂರೇ ದಿನ, ನಾಲ್ಕೇ ವಿಷಯ. ಇದು ತಾರತಮ್ಯವೆಂದು ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್ 12ರಂದು ತೀರ್ಪಿತ್ತಿತು. ಅಧ್ಯಕ್ಷ ಜೂಲಿಯಸ್ ಮಾದಾ ಬಿಯೊ ಅವರ ಸರ್ಕಾರ ನಿಷೇಧ ತೆಗೆದದ್ದು 2020ರ ಮಾರ್ಚ್ 30ರಂದು, ಕೋವಿಡ್‌ಗಾಗಿ ಶಾಲೆಗಳು ಮತ್ತೆ ಮುಚ್ಚುತ್ತಿದ್ದ ಅದೇ ದಿನಗಳಲ್ಲಿ.

ಕೀನ್ಯಾದಲ್ಲಿ ಕಲಿಯಬೇಕಾದದ್ದು ಅಂಕಿಗಳ ಬಗ್ಗೆ. 2020ರ ಜೂನ್‌ನಲ್ಲಿ, ಮಚಾಕೋಸ್ ಕೌಂಟಿಯೊಂದರಲ್ಲೇ ಐದು ತಿಂಗಳಲ್ಲಿ ಸುಮಾರು ನಾಲ್ಕು ಸಾವಿರ ಹುಡುಗಿಯರು ಬಸಿರಾಗಿದ್ದಾರೆಂಬ ಸುದ್ದಿ ದೇಶವನ್ನೇ ಕಲಕಿತು. ಆದರೆ ಶಾಲೆ ಮುಚ್ಚಿದ್ದು ಮಾರ್ಚ್ ಮಧ್ಯದಲ್ಲಿ. ಜನವರಿಯಿಂದ ಮೇವರೆಗೆ ಆಸ್ಪತ್ರೆಗೆ ಬಂದವರಲ್ಲಿ ಬಹುಪಾಲು ಶಾಲೆ ನಡೆಯುತ್ತಿದ್ದಾಗಲೇ ಗರ್ಭ ಧರಿಸಿದವರು. ಅದಕ್ಕಿಂತ ಮುಖ್ಯವಾಗಿ, ಈ ಲೆಕ್ಕ ಬರುವುದು ಆಸ್ಪತ್ರೆಯ ದಾಖಲೆಯಿಂದ. ಕರ್ಫ್ಯೂ ಇದ್ದು ಹುಡುಗಿ ಆಸ್ಪತ್ರೆಗೆ ಬರದಿದ್ದರೆ ದಾಖಲೆಯಲ್ಲಿ ಸಂಖ್ಯೆ ಇಳಿಯುತ್ತದೆ, ಊರಲ್ಲಿ ಇಳಿದಿರುವುದಿಲ್ಲ. ಸಿಯಾಯಾದ ಅಧ್ಯಯನವನ್ನು ನಂಬಬಹುದಾದದ್ದು ಈ ಕಾರಣಕ್ಕೇ: ಅಲ್ಲಿ ಆಸ್ಪತ್ರೆಯ ದಾಖಲೆಗೆ ಕಾಯದೆ ಹುಡುಗಿಯರನ್ನೇ ಹಿಂಬಾಲಿಸಿ ನೋಡಿದರು.

ಕರ್ನಾಟಕದ ದಾರಿ ಬೇರೆ. ಇಲ್ಲಿ ಸಾಮಾನ್ಯವಾಗಿ ಮದುವೆ ಮೊದಲು, ಬಸಿರು ಆಮೇಲೆ. 2020ರ ಮಾರ್ಚ್‌ನಲ್ಲಿ ಶಾಲೆಗಳ ಜೊತೆ ಹಾಸ್ಟೆಲ್‌ಗಳೂ ಮುಚ್ಚಿದವು. ಒಂಬತ್ತರಿಂದ ಮೇಲಿನ ತರಗತಿಗಳು ಎರಡನೇ ಅಲೆಯ ನಂತರ ಶುರುವಾದದ್ದು 2021ರ ಆಗಸ್ಟ್ 23ಕ್ಕೆ. ಮದುವೆಗೆ 50 ಜನರ ಮಿತಿ ಹೇರಿದ್ದರಿಂದ ಖರ್ಚು ಇಳಿಯಿತು, ಕೂಲಿ ಇಲ್ಲದ ಮನೆಗೆ ಇದೇ ಸಮಯವೆನಿಸಿತು. ಹುಡುಗಿ ನಾಲ್ಕು ದಿನ ಬರಲಿಲ್ಲವೆಂದು ಗಮನಿಸುವ ಮೇಷ್ಟ್ರು ಇರಲಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಕೋವಿಡ್ ಸರ್ವೆಯಲ್ಲಿದ್ದರು. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ದೇಶದಲ್ಲಿ 2019ರಲ್ಲಿ 523 ಪ್ರಕರಣಗಳಿದ್ದವು, 2020ರಲ್ಲಿ 785 ಆದವು. 184 ಪ್ರಕರಣಗಳೊಂದಿಗೆ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ಇದು ಪೊಲೀಸ್ ಠಾಣೆಯವರೆಗೆ ಹೋದವುಗಳ ಲೆಕ್ಕ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು 2016ರ ತಿದ್ದುಪಡಿಯಲ್ಲೇ ಬರೆದ ರಾಜ್ಯವಾದ್ದರಿಂದ, ದೂರು ಹೆಚ್ಚಾಗುವುದಕ್ಕೆ ಆ ಕಾನೂನೂ ಒಂದು ಕಾರಣವಿರಬಹುದು.

ಹೀಗಾಗಿ ಇಲ್ಲಿ ಪರಿಣಾಮ ತಡವಾಗಿ ಕಾಣುತ್ತದೆ. 2020ರ ಬೇಸಿಗೆಯಲ್ಲಿ ಮದುವೆಯಾದ ಹುಡುಗಿಯ ಹೆರಿಗೆ 2021ಕ್ಕೆ ಬರುತ್ತದೆ, ಅಂದರೆ ಎರಡನೇ ಅಲೆಯಲ್ಲಿ ಹಾಸಿಗೆ ಸಿಗದ ತಿಂಗಳುಗಳಿಗೇ ಬೀಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರಲ್ಲಿ ಕರ್ನಾಟಕದ 15–19ರ ಹುಡುಗಿಯರಲ್ಲಿ ತಾಯಿಯಾದವರು ಅಥವಾ ಬಸುರಿಯಾಗಿದ್ದವರು ಶೇ 5.4 ಎಂದಿದೆ, ಹಿಂದಿನ ಸಮೀಕ್ಷೆಯಲ್ಲಿ ಶೇ 7.8 ಇತ್ತು. ಇದನ್ನೇ ತೋರಿಸಿ ಕೋವಿಡ್‌ನಿಂದ ಏನೂ ಆಗಲಿಲ್ಲ ಎನ್ನುವವರಿದ್ದಾರೆ. ರಾಜ್ಯದಲ್ಲಿ ಆ ಸಮೀಕ್ಷೆಯ ಮನೆಭೇಟಿಗಳು ಮುಗಿದದ್ದು 2019ರ ಡಿಸೆಂಬರ್‌ನಲ್ಲಿ. ಕೋವಿಡ್ ಅದರೊಳಗೆ ಇಲ್ಲವೇ ಇಲ್ಲ.

ಲೆಕ್ಕ ತಪ್ಪುವುದು ಎಲ್ಲಿ ಎಂಬುದನ್ನು ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್‌ನಲ್ಲೇ ನೋಡಬಹುದು. 16ರ ಹುಡುಗಿಯನ್ನು ಕರೆತಂದವರು ಕೇಸಾಗುತ್ತದೆಂದು ವಯಸ್ಸು 19 ಅಥವಾ 20 ಎನ್ನುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರೆಲ್ಲ ವರದಿ ಮಾಡಲೇಬೇಕು. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮದುವೆಯಾಗಿದ್ದರೂ ವಿನಾಯಿತಿ ಇಲ್ಲ. ಸುಳ್ಳು ವಯಸ್ಸು ಬರೆದರೆ ಪ್ರತಿ ತಿಂಗಳ 9ರಂದು ನಡೆಯುವ ಬಸುರಿಯರ ತಪಾಸಣೆಯಲ್ಲಿ ಅಪಾಯದ ಗರ್ಭಕ್ಕೆ ಅಂಟಿಸುವ ಕೆಂಪು ಸ್ಟಿಕ್ಕರ್ ಬೀಳದೆ ಹೋಗಬಹುದು. ಈ ವಯಸ್ಸಿನಲ್ಲಿ ಬಿ.ಪಿ. ಏರಿ ಫಿಟ್ಸ್ ಬರುವ ಅಪಾಯ 20–24ರವರಿಗಿಂತ ಹೆಚ್ಚು. ಅದರ ಮೇಲೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ, 60 ಮಿಲಿಗ್ರಾಂ ಕಬ್ಬಿಣಾಂಶದ ನೀಲಿ ಮಾತ್ರೆ ಶಾಲೆಯ ಜೊತೆಗೇ ಅವಳಿಗೆ ತಪ್ಪಿರುತ್ತದೆ.

ಗರ್ಭಪಾತದಲ್ಲಿ ವಾರಗಳ ಲೆಕ್ಕ ಕಟ್ಟುನಿಟ್ಟು. ಮಾತ್ರೆಯಿಂದ ಆಗುವುದು 9 ವಾರದೊಳಗೆ, ಅದೂ ವೈದ್ಯರ ಕೈಕೆಳಗೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ಅಪ್ರಾಪ್ತರಿಗೆ 24 ವಾರದವರೆಗೆ ಅವಕಾಶವಿದೆ, ಇಬ್ಬರು ವೈದ್ಯರು ಒಪ್ಪಬೇಕು. ಆಮೇಲೆ ಸಾಮಾನ್ಯವಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕು. ಮುಟ್ಟು ನಿಂತದ್ದನ್ನು ಹುಡುಗಿ ಎರಡು ತಿಂಗಳು ಮುಚ್ಚಿಟ್ಟು, ಬಸ್ಸಿಲ್ಲದೆ ಇನ್ನೊಂದು ತಿಂಗಳು ಕಳೆದು, ಕೇಸಿನ ಹೆದರಿಕೆಯಲ್ಲಿ ಮತ್ತೆರಡು ತಿಂಗಳು ತಳ್ಳಿದರೆ 20 ವಾರ ದಾಟಿರುತ್ತದೆ. ಆ ಹೆದರಿಕೆ ತಗ್ಗಿಸುವ ಒಂದು ನಿಯಮ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ: ಒಪ್ಪಿತ ಸಂಬಂಧದಿಂದ ಬಸಿರಾದ ಅಪ್ರಾಪ್ತೆಯೂ ಅವಳ ಪೋಷಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಪೋಷಕರ ಲಿಖಿತ ಒಪ್ಪಿಗೆ ಮಾತ್ರ ಈಗಲೂ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯಿಂದ ಹಿಡಿದು ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್‌ನ ಆಪ್ತಸಮಾಲೋಚಕರವರೆಗೆ, ಮುಂದಿನ ಬಾರಿ ಶಾಲೆ ಮುಚ್ಚುವ ಮೊದಲೇ ಇದು ಎಲ್ಲರಿಗೂ ಬಾಯಿಪಾಠವಾಗಿರಬೇಕು.