ಯೂಸರ್ ರಿಸರ್ಚ್ ಅಂದ್ರೆ ಏನು? ಎಚ್‌ಎಂ ಪಕ್ಕ ಕೂತು ನೋಡಿ ಕಲ್ತಿದ್ದು

ಮೈಸೂರಲ್ಲಿ ರಿಸರ್ಚ್ ಅಂದ ತಕ್ಷಣ ಮಾನಸಗಂಗೋತ್ರಿ, ಪಿಎಚ್‌ಡಿ, ಗೈಡು, ಥೀಸಿಸ್ಸು ಇವೇ ನೆನಪಾಗೋದು. ಹಂಗಾಗಿ ಯೂಸರ್ ರಿಸರ್ಚ್ ಅಂದ್ರೂ ಅದೇನೋ ದೊಡ್ಡೋರ ವಿಷ್ಯ ಅಂತ ಬಿಟ್ಬಿಡ್ತಾರೆ. ಬಳಕೆದಾರರ ಅಧ್ಯಯನ ಅಂತ ಕನ್ನಡದಲ್ಲಿ ಬರೆಯೋರೂ ಇದಾರೆ, ಅದೂ ಸರಿನೇ. ಅರ್ಥ ಇಷ್ಟು: ಒಂದು ವೆಬ್‌ಸೈಟೋ ಆ್ಯಪೋ ಫಾರ್ಮೋ ಮಾಡೋಕ್ ಮುಂಚೆ, ಮಾಡೋವಾಗ, ಮಾಡಿದ್ಮೇಲೂ, ಅದನ್ನ ದಿನಾ ಬಳಸೋರು ತಮ್ಮ ಕೆಲಸನ ಹೆಂಗೆ ಮಾಡ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ, ಕೇಳಿ, ಬರ್ಕೊಂಡು, ಅದರ ಮೇಲೆ ಡಿಸೈನ್ ಹಿಂಗಿರ್ಬೇಕು ಅಂತ ತೀರ್ಮಾನ ಮಾಡೋದು.

ಉದಾಹರಣೆ ಇಲ್ದೆ ಇದು ತಲೆಗೆ ಹೋಗಲ್ಲ, ಅದಕ್ಕೇ ನಾನು ಮಾಡಿದ್ದನ್ನೇ ಹೇಳ್ತೀನಿ. ನಮ್ಮ ಚಿಕ್ಕಮ್ಮ ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೇಲಿ ಎಚ್‌ಎಂ, ಅಂದ್ರೆ ಮುಖ್ಯ ಶಿಕ್ಷಕಿ. ಶಾಲೆಗಳು ಯಾವ್ಯಾವ ಮಾಹಿತಿನ ಯಾವತ್ತೊಳಗೆ ಕೊಡ್ಬೇಕು ಅಂತ ಪಟ್ಟಿ ಹಾಕಿರೋ ಒಂದು ಆನ್‌ಲೈನ್ ಪುಟನ ಅವರು ನೋಡ್ಬೇಕಾಗಿತ್ತು, ಅದನ್ನ ಹೊಸದಾಗಿ ಹೆಂಗೆ ಮಾಡ್ಬಹುದು ಅಂತ ತೋರ್ಸೋ ಆಸೆ ನನಗೆ. ಮೊದಲು ನಾನು ಮಾಡಿದ್ದು ಫೋನ್ ಹಚ್ಚಿ ಪುಟ ಹೆಂಗಿದೆ ಚಿಕ್ಕಮ್ಮ ಅಂತ ಕೇಳಿದ್ದು. ಚೆನ್ನಾಗೈತೆ ಕಣಪ್ಪ, ಅಕ್ಷರ ಸ್ವಲ್ಪ ದೊಡ್ಡದು ಮಾಡಿದ್ರೆ ಆಯ್ತದೆ ಅಂದ್ರು. ನಮ್ಮ ಕಡೆ ಯಾರನ್ನ ಕೇಳಿದ್ರೂ ಮುಖಕ್ಕೆ ಚೆನ್ನಾಗಿಲ್ಲ ಅನ್ನಲ್ಲ, ಅದರಲ್ಲೂ ಕೇಳೋನು ಆಫೀಸಿಂದ ಬಂದೋನಾದ್ರೆ ಮುಗೀತು. ಇದು ಅಭಿಪ್ರಾಯ ಕೇಳೋದು, ಯೂಸರ್ ರಿಸರ್ಚ್ ಅಲ್ಲ.

ಆಮೇಲೆ ಒಂದ್ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ಪಕ್ಕದಲ್ಲಿ ಕೂತೆ. ಈ ವಾರ ಏನೇನು ಕಳಿಸ್ಬೇಕು ಅಂತ ಹುಡುಕಿ, ಹುಡುಕೋವಾಗ ಮನಸ್ಸಲ್ಲಿ ಬಂದಿದ್ದನ್ನ ಜೋರಾಗಿ ಹೇಳ್ತಾ ಹೋಗಿ ಅಂದೆ ಅಷ್ಟೇ. ಇದಕ್ಕೆ ಥಿಂಕ್ ಅಲೌಡ್ ಅಂತಾರೆ, 1982ರಲ್ಲಿ ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ ಅನ್ನೋರು ಕಂಪ್ಯೂಟರ್ ಡಿಸೈನಿಗೆ ತಂದ ವಿಧಾನ. ನಾವು ಬಾಯಿ ಮುಚ್ಕೊಂಡಿರ್ಬೇಕು, ಅಲ್ಲಿ ಒತ್ತಿ ಇಲ್ಲಿ ಒತ್ತಿ ಅನ್ಬಾರ್ದು, ಅದೇ ಬಹಳ ಕಷ್ಟ.

ಪುಟದಲ್ಲಿ ಬಿಸಿಯೂಟ, ಸ್ಕಾಲರ್‌ಶಿಪ್, ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬೋ ರಾಜ್ಯದ ಆನ್‌ಲೈನ್ ವ್ಯವಸ್ಥೆ), ಪರೀಕ್ಷೆ ಅಂತ ವಿಭಾಗವಾರು ಜೋಡ್ಸಿದ್ರು. ಚಿಕ್ಕಮ್ಮ ಮೇಲಿಂದ ಕೆಳಗೆ ಎಳೀತಾ ಎಳೀತಾ, ಇದು ನಮ್ಗಾ ಹೈಸ್ಕೂಲಿನೋರಿಗಾ, ಇದು ಈ ವರ್ಷದ್ದಾ ಹೋದ್ ವರ್ಷದ್ದಾ ಅಂತ ತಮ್ಮಷ್ಟಕ್ಕೆ ತಾವೇ ಕೇಳ್ಕೊಂಡು, ಎರಡು ನಿಮಿಷಕ್ಕೆ ಪುಟ ಮುಚ್ಚಿ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗ್ರೂಪಿನ ವಾಟ್ಸಾಪ್ ತೆಗೆದ್ರು. ಅಲ್ಲಿ ಸಿಕ್ಕಿದ ತಾರೀಖನ್ನ ಗೋಡೆ ಕ್ಯಾಲೆಂಡರ್ ಜೊತೆ ತಾಳೆ ನೋಡಿದ್ರು. ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ರು, ಆದ್ರೆ ಯಾವ ಸುತ್ತೂ ಕೊನೆ ದಿನದ ಮೇಲಿರ್ಲಿಲ್ಲ, ಎಲ್ಲ ಒಂದು ವಾರ ಹತ್ತು ದಿನ ಮುಂಚೆ. ಯಾಕೆ ಅಂದೆ. ಆಧಾರ್, ಪಾಸ್‌ಬುಕ್ ಜೆರಾಕ್ಸ್ ಮಕ್ಕಳ ಕೈಲಿ ತರ್ಸೋಕೇ ಒಂದು ವಾರ ಬೇಕಲ್ಲಪ್ಪ, ಕೊನೆ ದಿನ ಕೂತ್ರೆ ನೆಟ್ಟೂ ಸಿಗಲ್ಲ ಅಂದ್ರು.

ಆ ಪುಟಕ್ಕೆ ಬೇಕಾಗಿದ್ದ ವಿಷ್ಯ ಅದು! ಪಟ್ಟಿ ಮಾಡಿದೋರಿಗೆ ಕೊನೆ ದಿನ ಮುಖ್ಯ, ಎಚ್‌ಎಂಗೆ ಶುರು ಮಾಡೋ ದಿನ ಮುಖ್ಯ. ನಾನು ನೂರು ಜನಕ್ಕೆ ಗೂಗಲ್ ಫಾರ್ಮ್ ಕಳ್ಸಿದ್ರೂ ಇದು ಬರ್ತಿರ್ಲಿಲ್ಲ, ಯಾಕಂದ್ರೆ ಈ ಪ್ರಶ್ನೆ ಕೇಳ್ಬೇಕು ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಎಷ್ಟು ಜನಕ್ಕೆ ಕಷ್ಟ ಅಂತ ಸರ್ವೆ ಹೇಳತ್ತೆ, ಯಾಕೆ ಕಷ್ಟ ಅಂತ ತಿಳಿಯೋಕೆ ಪಕ್ಕದಲ್ಲಿ ಕೂರ್ಬೇಕು.

ಇನ್ನೊಂದು ಗೊಂದಲನೂ ಆವತ್ತೇ ಸಿಕ್ತು. ಯುಡೈಸ್‌ಗೆ, ಅಂದ್ರೆ ದೇಶದ ಶಾಲೆಗಳ ಲೆಕ್ಕ ಇಡೋ ಕೇಂದ್ರದ ವ್ಯವಸ್ಥೆಗೆ, ಒಂದು ತಾರೀಖು ಅಂತ ಬರತ್ತಲ್ಲ, ಅದು ರೆಫರೆನ್ಸ್ ಡೇಟು, ಅಂದ್ರೆ ಆ ದಿನಕ್ಕೆ ಶಾಲೇಲಿ ಎಷ್ಟು ಮಕ್ಕಳಿದ್ರು ಅನ್ನೋ ಲೆಕ್ಕ. ತುಂಬಿಸಿ ಮುಗಿಸೋ ದಿನ ಬೇರೆ. ಎರಡನ್ನೂ ಒಂದೇ ಕಾಲಂನಲ್ಲಿ ದಿನಾಂಕ ಅಂತ ಹಾಕಿದ್ರೆ ಹೊಸದಾಗಿ ಚಾರ್ಜ್ ತಗೊಂಡ ಪ್ರಭಾರಿ ಎಚ್‌ಎಂ ಗಾಬರಿ ಬೀಳ್ದೆ ಇನ್ನೇನ್ ಮಾಡ್ತಾರೆ. ಇಂಗ್ಲೆಂಡಿನ ಶಾಲೆಗಳಲ್ಲೂ ಹಿಂಗೇ, ವರ್ಷಕ್ಕೆ 3 ಸಲ ಸ್ಕೂಲ್ ಸೆನ್ಸಸ್, ಲೆಕ್ಕ ಹಿಡಿಯೋ ದಿನ ಒಂದು ಗುರುವಾರ, ಕಳಿಸೋ ಕೊನೆ ದಿನ ಅದಾಗಿ ಕೆಲವು ವಾರ ಬಿಟ್ಟು.

ಎಷ್ಟು ಜನರನ್ನ ನೋಡ್ಬೇಕು ಅಂತ ಎಲ್ರೂ ಕೇಳ್ತಾರೆ. ವೆಬ್‌ಸೈಟು ಬಳಸೋಕೆ ಎಷ್ಟು ಸುಲಭ ಅಂತ ಅಧ್ಯಯನ ಮಾಡೋ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ ಫೇಮಸ್ಸು: ಒಬ್ಬ ಬಳಕೆದಾರನಿಂದ ಸರಾಸರಿ 31 ಪರ್ಸೆಂಟ್ ತೊಂದರೆಗಳು ಗೊತ್ತಾದ್ರೆ, 5 ಜನರಿಂದ ಸುಮಾರು 85 ಪರ್ಸೆಂಟ್ ಗೊತ್ತಾಗತ್ವೆ. ಆದ್ರೆ ಈ 5 ಅನ್ನೋದು ಒಂದೇ ಥರದ ಜನಕ್ಕೆ. ಇಬ್ಬರೇ ಮೇಷ್ಟ್ರಿರೋ ಕಿರಿಯ ಪ್ರಾಥಮಿಕ ಶಾಲೇಲಿ ಪಾಠ ಮಾಡೋರೂ ಎಚ್‌ಎಮ್ಮೇ, ಡೇಟಾ ತುಂಬೋರೂ ಎಚ್‌ಎಮ್ಮೇ, ಅವರು ಮೊಬೈಲ್ ಹಿಡ್ಕೊಂಡು ತಾರೀಖು ಹುಡುಕ್ತಿದ್ರೆ ಅಷ್ಟೊತ್ತು ಒಂದೆರಡು ತರಗತಿ ಸುಮ್ನೆ ಕೂತಿರತ್ತೆ. ಕ್ಲರ್ಕ್ ಇರೋ ಹೈಸ್ಕೂಲಿನ ಕಥೆನೇ ಬೇರೆ. ಅದಕ್ಕೆ ಎರಡೂ ಕಡೆಯಿಂದ ಮೂರ್ಮೂರು ನಾಲ್ಕ್ನಾಲ್ಕು ಜನರನ್ನ ನೋಡ್ಲೇಬೇಕು.

ನಾನು ಪೇಪರ್ ಮೇಲೆ ಹೊಸ ಪುಟ ಬರ್ದೆ. ತಿಂಗಳ ಪ್ರಕಾರ ಪಟ್ಟಿ, ಮುಗಿದಿದ್ದೆಲ್ಲ ಕೆಳಗೆ, ಪ್ರತಿ ಸಾಲಲ್ಲೂ ಯಾವ ಶಾಲೆಗೆ, ಏನೇನು ದಾಖಲೆ, ಯಾವಾಗ ಶುರು ಮಾಡಿದ್ರೆ ಒಳ್ಳೇದು, ಕೊನೆ ದಿನ ಯಾವತ್ತು. ಇದನ್ನ ಮಂಡ್ಯದ ಒಂದು ಹೈಸ್ಕೂಲಿನ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ, ಅಂದ್ರೆ ಕ್ಲರ್ಕ್) ಒಬ್ರಿಗೆ ತೋರ್ಸಿ, ಹೋದ್ಸಲ ಎಸ್ಸೆಸ್ಸೆಲ್ಸಿ ನೋಂದಣಿ ಮಾಡಿದಾಗ ಏನೇನ್ ಮಾಡಿದ್ರಿ ಅಂತ ಕೇಳ್ದೆ. ಮುಂದೆ ಏನ್ ಮಾಡ್ತೀರಿ ಅಂತ ಕೇಳಿದ್ರೆ ಎಲ್ರೂ ಶಿಸ್ತಿನ ಉತ್ತರ ಕೊಡ್ತಾರೆ, ಹೋದ್ಸಲದ್ದು ಕೇಳಿದ್ರೇ ನಡೆದಿದ್ದು ಬರೋದು. ಅವರು ಆಗ ಆ ನೋಂದಣಿ ತಾರೀಖುಗಳ ಪಟ್ಟಿನ ಪ್ರಿಂಟ್ ತೆಗ್ದು ಬೀರು ಬಾಗಿಲಿಗೆ ಅಂಟ್ಸಿದ್ರಂತೆ, ಆಮೇಲೆ ದಿನಾಂಕ ವಿಸ್ತರಣೆ ಸುತ್ತೋಲೆ ಬಂದಾಗೆಲ್ಲ ಪೆನ್ನಲ್ಲಿ ಹೊಡ್ದು ತಿದ್ದಿದ್ರಂತೆ.

ನನ್ನ ಪೇಪರಲ್ಲಿ ವಿಸ್ತರಣೆಗೆ ಜಾಗನೇ ಇರ್ಲಿಲ್ಲ. ಈಗ ಹಳೇ ತಾರೀಖನ್ನ ಗೆರೆ ಹೊಡ್ದು ಹಾಗೇ ಉಳ್ಸಿ, ಪಕ್ಕದಲ್ಲಿ ಹೊಸದು, ಸುತ್ತೋಲೆ ನಂಬರು, ಪುಟ ಯಾವತ್ತು ತಿದ್ದಿದ್ದು ಅಂತ ಮೇಲ್ಗಡೆ, ಒಂದು ತಿಂಗಳದ್ದು ಒಂದೇ ಎ4 ಹಾಳೇಲಿ ಬರೋ ಹಂಗೆ ಬರ್ದಿದೀನಿ, ಮುಂದಿನ ಶನಿವಾರ ಮತ್ತೆ ಮದ್ದೂರಿಗೆ ಹೋಗಿ ಚಿಕ್ಕಮ್ಮನ ಪಕ್ಕ ಕೂತ್ಕೋಬೇಕು.